ನಾರ್ನಿಯಾ ಎಲ್ಲಿಂದ ಓದ್ಬೇಕು ಅಂತ ಇನ್ನೊಂದ್ಸಲ ಕೇಳಿ ನೋಡೋಣ

ಹಾಂ, ರೆಕಾರ್ಡ್ ಆಗ್ತಿದೆ. ನಮಸ್ಕಾರ ಎಲ್ರಿಗೂ. ಇವತ್ತು ಬೇರೆ ವಿಷ್ಯ ಮಾತಾಡ್ಬೇಕಿತ್ತು, ಸ್ಕ್ರಿಪ್ಟೂ ರೆಡಿ ಇತ್ತು, ಆದ್ರೆ ಹೋದ್ ವಿಡಿಯೋ ಕೆಳಗೆ ಒಬ್ರು ಕಾಮೆಂಟ್ ಹಾಕಿದಾರೆ, ಅದನ್ನ ಓದಿದ್ಮೇಲೆ ಆ ಸ್ಕ್ರಿಪ್ಟು ಮೂಲೆ ಸೇರ್ತು. ಏನಂತಾರೆ ಕೇಳಿ. "ಗುರು, ಮಕ್ಕಳಿಗೆ ನಾರ್ನಿಯಾ ಓದಿಸಿ ಅಂತೀಯ, ಒಪ್ಕೋತೀನಿ, ಆದ್ರೆ ಆ ಬೀರು ಇರೋ ಬುಕ್ಕಿಂದ ಶುರು ಮಾಡಿ ಅಂತ ತಪ್ಪು ಮಾಹಿತಿ ಕೊಡ್ಬೇಡ, ಬಾಕ್ಸ್ ಸೆಟ್ ಮೇಲೇ ನಂಬರ್ ಇದೆ, ಅದು 2ನೇದು, ನೋಡ್ಕೊಂಡು ಮಾತಾಡು." ಇದಕ್ಕೆ ಲೈಕ್ ಬೇರೆ. ನನ್ ವಿಡಿಯೋಗೆ ಬಂದಿದ್ದಕ್ಕಿಂತ ಜಾಸ್ತಿ ಲೈಕು!

ನೋಡ್ಕೊಂಡೇ ಮಾತಾಡ್ತಿದೀನಿ ಸ್ವಾಮಿ. ಆ ನಂಬರ್ ಇದೆಯಲ್ಲ, ಅದನ್ನ ನೋಡಿ ನೋಡೀನೇ ನನ್ ತಲೆ ಕೆಟ್ಟಿರೋದು.

ಗೊತ್ತಿಲ್ದೇ ಇರೋರಿಗೆ ಬೇಗ ಹೇಳ್ಬಿಡ್ತೀನಿ. ನಾರ್ನಿಯಾ ಅನ್ನೋದು ಮಕ್ಕಳ ಕಥೆಗಳ ಸರಣಿ, ಬರೆದಿದ್ದು ಸಿ. ಎಸ್. ಲೂಯಿಸ್ ಅಂತ, ಆಕ್ಸ್‌ಫರ್ಡಲ್ಲಿ ಪಾಠ ಮಾಡ್ತಿದ್ದ ಮೇಷ್ಟ್ರು, ಹುಟ್ಟಿದ್ದು ಬೆಲ್‌ಫಾಸ್ಟಲ್ಲಿ. 1950ರಲ್ಲಿ 'ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್' ಬಂತು, ಅದೇ ಈ ಬೀರು ಇರೋ ಬುಕ್ಕು, ಸಿಂಹದ ಪುಸ್ತಕ ಅಂತಾನೂ ಅಂತೀನಿ. ಆಮೇಲೆ ವರ್ಷಕ್ಕೊಂದರ ಲೆಕ್ಕದಲ್ಲಿ 1956ರ ತನಕ ಒಟ್ಟು 7 ಪುಸ್ತಕ. ಇದರಲ್ಲಿ 1955ರಲ್ಲಿ ಬಂದಿದ್ದು, ಅಂದ್ರೆ ಆರನೇದು, 'ದಿ ಮ್ಯಾಜಿಷಿಯನ್ಸ್ ನೆಫ್ಯೂ'. ಅದರಲ್ಲಿ ನಾರ್ನಿಯಾ ಅನ್ನೋ ಲೋಕ ಹುಟ್ಟೋ ಕಥೆ ಇದೆ. ಹುಟ್ಟೋ ಕಥೆ ಇದೆ ಅಂದ ತಕ್ಷಣ ಯಾರೋ ಪುಣ್ಯಾತ್ಮರು, ಓ ಹಾಗಾದ್ರೆ ಇದೇ ಮೊದಲು ಬರ್ಬೇಕಲ್ವಾ ಅಂತ ಎತ್ತಿ ತಂದು ಮುಂದಕ್ಕೆ ಇಟ್ರು. 1994ರಲ್ಲಿ ಹಾರ್ಪರ್‌ಕಾಲಿನ್ಸ್ ಅವರು ಅದಕ್ಕೇ ನಂಬರ್ 1 ಹಾಕಿ ಅಚ್ಚು ಹಾಕಿದ್ರು, ಅಲ್ಲಿಂದ ಇಲ್ಲೀವರೆಗೆ ಅದೇ. ಅಪ್ಪ ಅಮ್ಮ ಆನ್‌ಲೈನಲ್ಲಿ ಸೆಟ್ ತರಿಸ್ತಾರೆ, ಮಗು ಒಂದು ಅಂತ ಇರೋದನ್ನ ತೆಗೆಯುತ್ತೆ. ಮಗು ಏನ್ ಮಾಡುತ್ತೆ ಪಾಪ, ಒಂದು ಎರಡು ಮೂರು ಕಲ್ಸಿರೋರು ನಾವೇ.

ನಾನು ಹೇಳೋದು ಒಂದೇ ಮಾತು. ಮೊದ್ಲು ಬೀರು. ಆಮೇಲೆ ಮಿಕ್ಕಿದ್ದು.

ಯಾಕೆ ಅಂತ ಕೇಳಿ. ಆ ಬೀರು ಸೀನ್ ಇದೆಯಲ್ಲ, ಅದನ್ನ ಸ್ವಲ್ಪ ನಿಧಾನಕ್ಕೆ ನೋಡೋಣ. ಯುದ್ಧದ ಕಾಲ, ಲಂಡನ್ ಮೇಲೆ ಬಾಂಬ್ ಬೀಳುತ್ತೆ ಅಂತ ಮಕ್ಕಳನ್ನ ಹಳ್ಳಿ ಕಡೆ ಕಳ್ಸಿದಾರೆ. ಇದು ನಿಜವಾಗ್ಲೂ ನಡೆದಿದ್ದು, 1939ರ ಸೆಪ್ಟೆಂಬರ್‌ನಲ್ಲಿ ಮೊದಲ ಮೂರ್ನಾಲ್ಕು ದಿನದಲ್ಲೇ ಸುಮಾರು 15 ಲಕ್ಷ ಜನರನ್ನ ಊರು ಬಿಡಿಸಿದ್ರು, ಅದರಲ್ಲಿ ಮಕ್ಕಳೇ ಜಾಸ್ತಿ. ಲೂಯಿಸ್ ಮನೆಗೂ ಹಾಗೆ ಬಂದ ಮಕ್ಕಳಿದ್ರು. ಕಥೆಯಲ್ಲಿ ನಾಲ್ಕು ಜನ, ಪೀಟರ್, ಸೂಸನ್, ಎಡ್ಮಂಡ್, ಲೂಸಿ. ಒಬ್ಬ ಮುದುಕ ಪ್ರೊಫೆಸರ್ ಮನೆ, ರೈಲ್ವೇ ಸ್ಟೇಷನ್ 10 ಮೈಲಿ, ಪೋಸ್ಟ್ ಆಫೀಸ್ 2 ಮೈಲಿ. ಹೊರಗಡೆ ಮಳೆ ಹೊಡೀತಿದೆ. ಬೇಜಾರಾಗಿ ಮನೆ ಸುತ್ತೋಕೆ ಶುರು ಮಾಡ್ತಾರೆ, ಒಂದು ರೂಮಿಗೆ ಬರ್ತಾರೆ, ಅಲ್ಲಿ ಬಾಗಿಲಲ್ಲಿ ಕನ್ನಡಿ ಇರೋ ಒಂದು ದೊಡ್ಡ ಬೀರು, ಕಿಟಕಿ ಕಟ್ಟೆ ಮೇಲೆ ಒಂದು ಸತ್ತ ನೊಣ. ಅಷ್ಟೇ ರೂಮು! ಉಳಿದ ಮೂವರೂ ಏನಿಲ್ಲ ಇಲ್ಲಿ ಅಂತ ಹೋಗ್ತಾರೆ. ಲೂಸಿ ಒಬ್ಳು ಸುಮ್ನೆ ಬಾಗಿಲು ಎಳೀತಾಳೆ, ಬೀಗ ಹಾಕಿರುತ್ತೆ ಅಂದ್ಕೊಂಡಿದ್ದಾಳೆ, ತೆಕ್ಕೊಳ್ಳುತ್ತೆ, ಎರಡು ಡಾಂಬರ್ ಗುಳಿಗೆ ಉರುಳಿ ಕೆಳಗೆ ಬೀಳುತ್ತೆ.

ಒಳಗೆ ತುಪ್ಪಳದ ಕೋಟುಗಳು. ನುಗ್ತಾಳೆ. ಅದರ ಹಿಂದೆ ಇನ್ನೊಂದು ಸಾಲು ಕೋಟು. ಹಿಂದಿನ ಹಲಗೆ ಕೈಗೆ ಸಿಗುತ್ತೆ ಅಂತ ಕೈ ಮುಂದೆ ಚಾಚ್ಕೊಂಡು ಹೋಗ್ತಾಳೆ, ಸಿಗಲ್ಲ. ಕಾಲ ಕೆಳಗೆ ಏನೋ ಕರಕರ ಅನ್ನುತ್ತೆ, ಇನ್ನೂ ಡಾಂಬರ್ ಗುಳಿಗೆ ಇರ್ಬೇಕು ಅಂತ ಬಗ್ಗಿ ಮುಟ್ತಾಳೆ. ತಣ್ಣಗಿದೆ, ಪುಡಿ ಪುಡಿಯಾಗಿದೆ. ಹಿಮ! ಮುಖಕ್ಕೆ ತಾಗ್ತಿರೋದು ಕೋಟಲ್ಲ, ಮರದ ಕೊಂಬೆ.

ಅಯ್ಯೋ ಇಷ್ಟೇ ಸಾಕು ಕಣ್ರೀ. ಬೆಳಕಿಲ್ಲ, ಮಂತ್ರ ಇಲ್ಲ, ಢಂ ಅಂತ ಶಬ್ದ ಇಲ್ಲ. ಬೀರು ಎಲ್ಲಿ ಮುಗೀತು ಕಾಡು ಎಲ್ಲಿ ಶುರುವಾಯ್ತು ಅಂತ ಅವಳಿಗೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ. ಆ ಗೊತ್ತಿಲ್ದೇ ಇರೋದಕ್ಕೇನೇ ನಾವು ದುಡ್ಡು ಕೊಟ್ಟಿರೋದು. ನಂಬರ್ 1 ಅಂತ ಆ ಇನ್ನೊಂದು ಪುಸ್ತಕ ಓದ್ಕೊಂಡು ಬಂದ ಮಗುಗೆ ಏನಾಗಿರುತ್ತೆ? ನಾರ್ನಿಯಾ ಅಂತ ಒಂದು ಲೋಕ ಇದೆ ಅಂತ ಗೊತ್ತು, ಸಿಂಹ ಗೊತ್ತು, ಮಾಟಗಾತಿ ಗೊತ್ತು, ಬೀರು ಯಾವ ಮರದಿಂದ ಮಾಡಿದ್ದು ಅಂತಾನೂ ಗೊತ್ತು. ಲೂಸಿ ಕೋಟಿನ ಮಧ್ಯೆ ತಡವರಿಸ್ತಿರ್ಬೇಕಾದ್ರೆ ಈ ಮಗು ಹೋಗಮ್ಮಾ ಬೇಗ, ಮುಂದೆ ಕಾಡಿದೆ ಅಂತ ಆಕಳಿಸ್ತಿರುತ್ತೆ.

ಮೊದ್ಲು ಬೀರು. ಬರ್ಕೊಳ್ಳಿ ಬೇಕಿದ್ರೆ.

ಅಂದ್ಹಾಗೆ ಮಗ್ ಬಂದಿದೆ, ನೋಡಿ, ನಮ್ ಚಾನೆಲ್ ಮಗ್ಗು. ಬಿಸಿನೀರು ಹಾಕಿದ್ರೆ ಬಣ್ಣ ಹೋಗಲ್ಲ, ನಾನೇ ಟೆಸ್ಟ್ ಮಾಡಿದೀನಿ. ಲಿಂಕ್ ಕೆಳಗಿದೆ.

ಈಗ ಬರುತ್ತೆ ನೋಡಿ ದೊಡ್ಡ ಬ್ರಹ್ಮಾಸ್ತ್ರ. "ಲೇಖಕರೇ ಹೇಳಿದಾರಲ್ಲ ಸಾರ್, ಕಾಲಕ್ರಮದಲ್ಲಿ ಓದಿ ಅಂತ!" ಹೇಳಿದಾರೆ, ಯಾರು ಇಲ್ಲ ಅಂದ್ರು? 1957ರಲ್ಲಿ ಅಮೆರಿಕದ ಒಬ್ಬ ಹುಡುಗ ಕಾಗದ ಬರೆದಿದ್ದ, ನಾನು ಹೀಗೆ ಕಥೆಯ ಕಾಲದ ಪ್ರಕಾರ ಓದ್ಬೇಕು ಅಂತೀನಿ, ಅಮ್ಮ, ಪುಸ್ತಕ ಅಚ್ಚಾಗಿ ಬಂದ ಆರ್ಡರಲ್ಲಿ ಓದು ಅಂತಾಳೆ ಅಂತ. ಲೂಯಿಸ್, ನಿನ್ನ ಅಮ್ಮನಿಗಿಂತ ನಿನ್ನ ಲೆಕ್ಕಾನೇ ನಂಗೆ ಜಾಸ್ತಿ ಒಪ್ಪಿಗೆ ಅಂತ ಉತ್ತರ ಬರೆದ್ರು. ಸರಿ. ಅದೇ ಕಾಗದದಲ್ಲಿ ಮುಂದೆ ಏನ್ ಬರೆದಿದಾರೆ, ಅದನ್ನ ಯಾಕ್ ಯಾರೂ ಹೇಳಲ್ಲ? ಸಿಂಹದ ಪುಸ್ತಕ ಬರೀವಾಗ ಇನ್ನೊಂದು ಬರೀತೀನಿ ಅಂತಾನೇ ನಂಗೆ ಗೊತ್ತಿರಲಿಲ್ಲ ಅಂತ, ಯಾವ ಆರ್ಡರಲ್ಲಿ ಓದಿದ್ರೂ ಬಹುಶಃ ಅಷ್ಟೇನೂ ವ್ಯತ್ಯಾಸ ಆಗಲ್ಲ ಅಂತ. ಒಬ್ಬ ಹುಡುಗ ಆಸೆಯಿಂದ ಕಾಗದ ಬರೆದಾಗ ಒಳ್ಳೇ ಮನುಷ್ಯ ಯಾರಾದ್ರೂ, ಇಲ್ಲಪ್ಪಾ ನಿಮ್ಮಮ್ಮ ಹೇಳಿದ್ದೇ ಸರಿ, ಹೋಗಿ ಕ್ಷಮೆ ಕೇಳು ಅಂತ ಬರೀತಾರಾ? ಅದನ್ನ ಸುಪ್ರೀಂ ಕೋರ್ಟ್ ತೀರ್ಪು ಥರ ಎತ್ಕೊಂಡು ಬಂದು ನಂಬರ್ ಹಾಕಿದಾರಲ್ಲ, ಏನ್ ಹೇಳೋಣ. ಆ ತಾಯಿ ಎಲ್ಲಿದ್ರೂ ನನ್ನ ಸಾಷ್ಟಾಂಗ. ತಾಯೀ, ನೀವೇ ಸರಿ.

ಲೇಖಕರ ಮಾತೇ ಬೇಕು ಅಂದ್ರೆ ಪುಸ್ತಕದ ಒಳಗಡೆ ಬರೆದಿರೋದನ್ನ ನೋಡಿ. ಮಾತಾಡೋ ಪ್ರಾಣಿ ಬೀವರ್ ಮಹಾಶಯ ಮೊದಲ ಸಲ ಆಸ್ಲಾನ್, ಅಂದ್ರೆ ಆ ಸಿಂಹದ ಹೆಸರು ಹೇಳಿದಾಗ ಕಥೆ ಹೇಳೋನು ಏನಂತಾನೆ? ಈ ಮಕ್ಕಳಿಗೆ ಆಸ್ಲಾನ್ ಯಾರು ಅಂತ ಗೊತ್ತಿರಲಿಲ್ಲ, ನಿಮಗೆ ಎಷ್ಟು ಗೊತ್ತಿದೆಯೋ ಅಷ್ಟೇ ಅಂತ. ಅಂದ್ರೆ ಓದೋನಿಗೆ ಗೊತ್ತಿರಬಾರದು! ನಮ್ಮಕ್ಕನ ಮಗಳು ನಂಬರ್ ಪ್ರಕಾರಾನೇ ಓದ್ಕೊಂಡು ಈ ಜಾಗಕ್ಕೆ ಬಂದು ಕೇಳಿದ್ಳು, "ಮಾವ, ಯಾಕೆ ಹೀಗೆ ಬರೆದಿದಾರೆ, ನಂಗೆ ಗೊತ್ತಲ್ಲ ಆಸ್ಲಾನು, ಹಿಂದಿನ ಬುಕ್ಕಲ್ಲೇ ಬಂದಿದ್ನಲ್ಲ?" ಏನ್ ಉತ್ತರ ಕೊಡ್ತೀರ ಆ ಮಗುಗೆ? ಹೇಳಿ, ಬಾಕ್ಸ್ ಸೆಟ್ ಭಕ್ತರು ಉತ್ತರ ಕೊಡಿ.

ಇನ್ನೊಂದು ತಗೊಳ್ಳಿ. ಸಿಂಹದ ಪುಸ್ತಕದ ಕೊನೇ ಸಾಲಿಗೆ ಬಂದ್ರೆ, ಬೀರಿನ ಸಾಹಸ ಮುಗೀತು, ಆದ್ರೆ ಪ್ರೊಫೆಸರ್ ಹೇಳಿದ್ದು ನಿಜ ಆದ್ರೆ ನಾರ್ನಿಯಾದ ಸಾಹಸಗಳಿಗೆ ಇದು ಬರೀ ಶುರು ಅಂತಿದೆ. ಶುರು ಅಂತ ಅವರೇ ಬರೆದಿರೋ ಪುಸ್ತಕ ಎರಡನೇದು ಹೇಗಾಯ್ತು? ಮತ್ತೆ ಆ ನಂಬರ್ 1 ಪುಸ್ತಕದ ಮೊದಲ ಪುಟದಲ್ಲೇ, ನಮ್ಮ ಲೋಕಕ್ಕೂ ನಾರ್ನಿಯಾಕ್ಕೂ ಓಡಾಟ ಹೇಗೆ ಶುರುವಾಯ್ತು ಅಂತ ತೋರಿಸುತ್ತೆ, ಅದಕ್ಕೇ ಇದು ಮುಖ್ಯವಾದ ಕಥೆ ಅಂತ ಬರೆದಿದಾರೆ. ಯಾವ ನಾರ್ನಿಯಾ, ಯಾವ ಓಡಾಟ? ಮೊದಲೇ ಹೋಗಿ ಬಂದಿರೋರಿಗೆ ಹೇಳ್ತಿರೋ ಮಾತು ಅದು, ಹೊಸಬರಿಗಲ್ಲ.

ಮತ್ತೆ ಆ ದೀಪದ ಕಂಬ. ಸ್ಪಾಯ್ಲರ್ ಬರ್ತಿದೆ, 1955ರ ಪುಸ್ತಕಕ್ಕೆ ಸ್ಪಾಯ್ಲರ್ ಅಂತ ಬಯ್ಯೋರು ಬಯ್ಕೊಳ್ಳಿ. ಲೂಸಿ ಹಿಮದಲ್ಲಿ ನಡ್ಕೊಂಡು ಹೋದ್ರೆ ಕಾಡಿನ ಮಧ್ಯೆ ಬೀದಿ ದೀಪದ ಕಂಬ ಉರೀತಿದೆ. ಯಾಕಿದೆ? ಯಾರು ನೆಟ್ರು? ಉತ್ತರ ಇಲ್ಲ. ಅಷ್ಟರಲ್ಲಿ ಫಾನ್ ಒಬ್ಬ, ಅಂದ್ರೆ ಮೇಲೆ ಮನುಷ್ಯ ಕೆಳಗೆ ಆಡಿನ ಕಾಲು ಇರೋನು, ಛತ್ರಿ ಹಿಡ್ಕೊಂಡು ಪೊಟ್ಟಣ ಹೊತ್ಕೊಂಡು ಬರ್ತಾನೆ. ಈ ಚಿತ್ರ ಲೂಯಿಸ್ ತಲೇಲಿ 16ನೇ ವಯಸ್ಸಿಂದ ಇತ್ತಂತೆ, ನಲವತ್ತರ ಹತ್ರ ಬಂದಾಗ, ನೋಡೋಣ ಇದರಲ್ಲೊಂದು ಕಥೆ ಮಾಡೋಣ ಅಂತ ಕೂತ್ರಂತೆ. ಅಂದ್ರೆ ಬರೆದವರೇ ನಾರ್ನಿಯಾ ಒಳಗೆ ಹೋಗಿದ್ದು ಇಲ್ಲಿಂದ! ಕಂಬ ಹೇಗೆ ಬಂತು ಅನ್ನೋದಕ್ಕೆ ಉತ್ತರ ಆರನೇ ಪುಸ್ತಕದಲ್ಲಿ ಸಿಗುತ್ತೆ, ಲಂಡನ್ ಕಂಬದಿಂದ ಮಾಟಗಾತಿ ಕಿತ್ಕೊಂಡು ಬಂದ ಕಬ್ಬಿಣದ ತುಂಡನ್ನ ಸಿಂಹದ ತಲೆಗೆ ಎಸೀತಾಳೆ, ಅದು ಹೊಸ ಮಣ್ಣಲ್ಲಿ ಬಿದ್ದು ಗಿಡದ ಥರ ಬೆಳ್ದು ಕಂಬ ಆಗುತ್ತೆ. ಎಂಥಾ ಐಡಿಯಾ! ಐದು ಪುಸ್ತಕ ಕಾದಿದ್ದವನಿಗೆ ಮೈ ಜುಂ ಅನ್ನುತ್ತೆ. ಮೊದಲೇ ಓದಿದವನಿಗೆ ಅದೊಂದು ಎಲೆಕ್ಟ್ರಿಸಿಟಿ ಬೋರ್ಡ್ ಮಾಹಿತಿ. ಉತ್ತರ ಮೊದ್ಲು ಕೊಟ್ಟು ಪ್ರಶ್ನೆ ಆಮೇಲೆ ಕೇಳೋದು ಯಾವ ಊರ ನ್ಯಾಯ?

"ಕಥೆ ಅಂದ್ಮೇಲೆ ಮೊದಲಿಂದ ಹೇಳ್ಬೇಕಲ್ವಾ" ಅಂತ ಇನ್ನೊಬ್ರು. ಹೌದಾ? ಮಹಾಭಾರತ ಎಲ್ಲಿಂದ ಶುರುವಾಗುತ್ತೆ ಸಾರ್? ಶಂತನು ಇಂದಾನಾ? ನೈಮಿಷಾರಣ್ಯಕ್ಕೆ ಸೂತ ಬರ್ತಾನೆ, ಜನಮೇಜಯನ ಸರ್ಪಯಾಗದಲ್ಲಿ ವೈಶಂಪಾಯನ ಹೇಳಿದ್ದನ್ನ ಹೇಳ್ತೀನಿ ಅಂತಾನೆ. ಜನಮೇಜಯ ಯಾರು? ಅರ್ಜುನನ ಮರಿಮಗ! ಕಥೆ ಎಲ್ಲಾ ಮುಗಿದ್ಮೇಲೆ ಶುರು ಮಾಡಿದಾರೆ. ಅಲ್ಲಿಗೂ ಹೋಗಿ ನಂಬರ್ ಹಾಕ್ತೀರಾ?

"ಯಾವ್ದರಿಂದ ಓದಿದ್ರೇನು, ಮಕ್ಕಳು ಓದಿದ್ರೆ ಸಾಕು ಬಿಡಿ" ಅನ್ನೋ ಸಾಧು ಸಂತರೂ ಇದಾರೆ ಕಾಮೆಂಟಲ್ಲಿ. ನಿಮಗೆ ಕೈ ಮುಗೀತೀನಿ, ನೀವು ಬೇರೆ ಚಾನೆಲ್ ನೋಡಿ. ಇಲ್ಲಿ ಜಗಳ ಮಾಡೋಕೆ ಬಂದಿರೋದು.

ಬೀರು. ಮೊದ್ಲು. ಎಷ್ಟ್ ಸಲ ಹೇಳೋದು, ಬೀರು ಬೀರು ಬೀರು! ಕಾರಣ ಇನ್ನೂ ಎರಡು ಬರ್ಕೊಂಡಿದ್ದೆ ಇಲ್ಲಿ, ಅಕ್ಷರ ನಂಗೇ ಓದೋಕ್ ಬರ್ತಿಲ್ಲ, "ಉಂಗುರ" ಅಂತ ಏನೋ ಇದೆ, ಬಿಡಿ. ಮನೇಲಿ ಸೆಟ್ ಇದ್ರೆ ಎದ್ದು ಹೋಗಿ ಎರಡು ಅಂತ ಇರೋದರ ಮೇಲೆ ಒಂದು ಅಂತ ಚೀಟಿ ಅಂಟಿಸಿ. ಒಂದು ಅಂತ ಇರೋದನ್ನ ಅಟ್ಟದ ಮೇಲೆ ಇಡಿ, ಮಗು ಐದು ಓದಿದ್ಮೇಲೆ ಇಳಿಸಿ. ಹಾಂ, ಮಕ್ಕಳು ನಿಜವಾದ ಬೀರು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರೆ ನಾನು ಜವಾಬ್ದಾರ ಅಲ್ಲ, ಬೀರು ಒಳಗೆ ಬಾಗಿಲು ಹಾಕ್ಕೊಳ್ಳೋದು ಮೂರ್ಖತನ ಅಂತ ಲೂಯಿಸೇ ಪುಸ್ತಕದಲ್ಲಿ ಮತ್ತೆ ಮತ್ತೆ ಹೇಳಿದಾರೆ. ಲೂಸಿ ಬಾಗಿಲು ತೆಗ್ದೇ ಇಟ್ಟಿದ್ಳು. ಹಾಕಿದ್ದು ಎಡ್ಮಂಡು, ಅವನ ಬುದ್ಧಿ ಎಂಥದ್ದು ಅಂತ ಓದಿದೋರಿಗೆ ಗೊತ್ತು.

ಮತ್ತೆ ನೆಟ್‌ಫ್ಲಿಕ್ಸ್‌ಗೆ ಗ್ರೇಟಾ ಗರ್ವಿಗ್ ನಾರ್ನಿಯಾ ಮಾಡ್ತಿದಾರೆ, ಯಾವ್ದರಿಂದ ಶುರು ಮಾಡಿದಾರೆ ಹೇಳಿ? ಅದೇ! ಮ್ಯಾಜಿಷಿಯನ್ಸ್ ನೆಫ್ಯೂ! ನನ್ ಬಿಪಿ ಯಾರು ನೋಡೋರು. ಬಂದ ದಿನಾನೇ ನೋಡ್ತೀನಿ, ಮೂರು ಗಂಟೆ ರಿವ್ಯೂ ಮಾಡ್ತೀನಿ, ಮೆಂಬರ್‌ಶಿಪ್ ತಗೊಂಡೋರಿಗೆ ಬೀಪ್ ಇಲ್ಲದ ವರ್ಷನ್. ಭಾನುವಾರ ರಾತ್ರಿ ಲೈವ್ ಇದೆ, ಜಗಳ ಇದ್ರೆ ಅಲ್ಲಿಗೆ ಬನ್ನಿ, ಒಂಬತ್ತೂವರೆಗೆ, ಊಟ ಮಾಡ್ಕೊಂಡು ಬನ್ನಿ, ಹೋದ್ ಸಲ ಒಬ್ರು ಮೈಕ್ ಆನ್ ಇಟ್ಕೊಂಡೇ ಚಿತ್ರಾನ್ನ ತಿಂದ್ರು.