ಜನರಲ್ ಸಾಹೇಬರ ರಸ್ತೆ

ಕೇಳುಗರಿಗೆ ನಮಸ್ಕಾರ.

ಇಪ್ಪತ್ತು ವರ್ಷಕ್ಕೂ ಹಿಂದೆ ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೆ ರಾತ್ರಿ ಬಸ್ಸಿನಲ್ಲಿ ಹೋದವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ತುಮಕೂರು ದಾಟಿದ ಮೇಲೆ ನಿದ್ದೆ ಅನ್ನೋದು ಹತ್ತಿರ ಸುಳಿಯುತ್ತಿರಲಿಲ್ಲ. ಶಿರಾ, ಹಿರಿಯೂರು, ಚಿತ್ರದುರ್ಗ, ಎಲ್ಲಿ ನೋಡಿದರೂ ಅಗೆದ ರಸ್ತೆ. ಬದಿಯಲ್ಲಿ ಜಲ್ಲಿ ರಾಶಿ, ಕೆಂಪು ಬಿಳಿ ಬಳಿದ ಡ್ರಮ್ಮುಗಳು, ಬಾಣದ ಗುರುತು. ಬಸ್ಸು ಟಾರು ಬಿಟ್ಟು ದಡಾರ್ ಅಂತ ಮಣ್ಣಿಗೆ ಇಳಿಯುತ್ತಿತ್ತು, ಆಮೇಲೆ ಏದುಸಿರು ಬಿಡುತ್ತಾ ಮೇಲೆ ಹತ್ತುತ್ತಿತ್ತು. ಒಂದು ಸಲ ಪಕ್ಕದ ಸೀಟಿನ ಹಿರಿಯರು ಮಡಿಲಲ್ಲಿದ್ದ ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು, "ಯಾವ ಪುಣ್ಯಾತ್ಮ ಮಾಡಿಸ್ತಿದಾನೋ ಇದನ್ನ" ಅಂದಿದ್ದರು.

ಆ ಪುಣ್ಯಾತ್ಮರ ಬಗ್ಗೆಯೇ ಇವತ್ತಿನ ಮಾತು.

ಯೋಜನೆ ವಾಜಪೇಯಿ ಸರ್ಕಾರದ್ದು. ಹೆಸರು ಸುವರ್ಣ ಚತುಷ್ಪಥ. ಆ ಖಾತೆಯ ಮಂತ್ರಿ ಒಬ್ಬ ನಿವೃತ್ತ ಸೇನಾಧಿಕಾರಿ, ಮೇಜರ್ ಜನರಲ್ ಭುವನ್ ಚಂದ್ರ ಖಂಡೂರಿ. ಹುಟ್ಟಿದ್ದು 1934ರಲ್ಲಿ, ಡೆಹ್ರಾಡೂನಿನಲ್ಲಿ. 1954ರಿಂದ 1990ರವರೆಗೆ ಸೇನೆಯ ಇಂಜಿನಿಯರ್ ದಳದಲ್ಲಿದ್ದರು. ಯುದ್ಧದಲ್ಲಿ ಉಳಿದವರು ಮುಂದೆ ಹೋಗಲಿ ಅಂತ ಸೇತುವೆ ಕಟ್ಟೋದು, ದಾರಿ ಮಾಡೋದು, ನೆಲದಲ್ಲಿ ಹೂತ ಬಾಂಬು ತೆಗೆಯೋದು ಆ ದಳದ ಕೆಲಸ. ಅತಿ ವಿಶಿಷ್ಟ ಸೇವಾ ಪದಕವೂ ಬಂದಿತ್ತು.

ನಿವೃತ್ತಿಯಾಗಿ ಒಂದೇ ವರ್ಷಕ್ಕೆ, 1991ರಲ್ಲಿ, ಈಗಿನ ಉತ್ತರಾಖಂಡದ ಗಢವಾಲದಿಂದ ಬಿಜೆಪಿಯವರಾಗಿ ಲೋಕಸಭೆಗೆ ಬಂದರು. ಗಢವಾಲ ಅಂದರೆ ನಮ್ಮ ಕೊಡಗಿನ ಹಾಗೆ. ಮನೆಮನೆಯಲ್ಲೂ ಫೌಜಿ. ಅಲ್ಲಿ ಜನರಲ್ ಓಟು ಕೇಳಲು ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಜೊತೆಗೆ ದೊಡ್ಡ ರಾಜಕಾರಣಿ ಹೇಮವತಿ ನಂದನ್ ಬಹುಗುಣ ಇವರ ಸೋದರಮಾವ. (ನಮ್ಮ ಕಾರ್ಯಪ್ಪನವರು ಪಾಪ, 1971ರಲ್ಲಿ ಕೊಡಗು ಬಿಟ್ಟು ಮುಂಬೈನಲ್ಲಿ ನಿಂತು ಸೋತರು. ಸಮವಸ್ತ್ರಕ್ಕೆ ಎಲ್ಲ ಊರಲ್ಲೂ ಸಲಾಂ ಸಿಗುತ್ತೆ, ಓಟು ಸಿಗಲ್ಲ.)

2000ದಲ್ಲಿ ರಸ್ತೆ ಖಾತೆ ಸಿಕ್ಕಿತು. ಮೊದಲು ಸ್ವತಂತ್ರ ಹೊಣೆಯ ರಾಜ್ಯ ಸಚಿವ, 2003ರಲ್ಲಿ ಸಂಪುಟ ದರ್ಜೆ. ದಿಲ್ಲಿ, ಮುಂಬೈ, ಚೆನ್ನೈ, ಕೋಲ್ಕತ್ತಾಗಳನ್ನು ಜೋಡಿಸುವ 5,846 ಕಿಲೋಮೀಟರ್ ರಸ್ತೆ. ಅದರಲ್ಲಿ ನಮ್ಮ ಪಾಲು 600 ಕಿಲೋಮೀಟರಿಗೂ ಜಾಸ್ತಿ: ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರು, ಬೆಂಗಳೂರು. ದುಡ್ಡು ಎಲ್ಲಿಂದ ಅಂತೀರಾ? ಒಂದು ಪಾಲು ನಮ್ಮ ಜೇಬಿನಿಂದಲೇ. ಪೆಟ್ರೋಲು, ಡೀಸೆಲ್ ಮೇಲೆ ಲೀಟರಿಗೆ 1 ರೂಪಾಯಿ ಸೆಸ್ ಹಾಕಿದ್ದರು.

ರಸ್ತೆ ಕಟ್ಟಿಸುವ ಮಂತ್ರಿಗೆ ಜಲ್ಲಿ, ಟಾರಿನ ಲೆಕ್ಕ ಗೊತ್ತಿರೋದು ನಮ್ಮಲ್ಲಿ ಅಪರೂಪ ಅಲ್ವಾ? ಇವರಿಗೆ ಗೊತ್ತಿತ್ತು. ಸಮಯಕ್ಕೆ ಸರಿಯಾಗಿ ಕೆಲಸ ಆಗಬೇಕು, ಸುಮ್ನೆ ನೆಪ ಹೇಳಬಾರದು ಅನ್ನುವ ಸೇನೆಯ ಬಿಗಿ ಅಲ್ಲಿ ಒಗ್ಗಿತು. 2004ರಲ್ಲಿ ಸರ್ಕಾರ ಹೋದಾಗ ಕೆಲಸ ಇನ್ನೂ ಬಾಕಿ ಇತ್ತು. ಪೂರ್ತಿ ಆಯಿತು ಅಂತ ಘೋಷಿಸಿದ್ದು 2012ರಲ್ಲಿ. ಆದರೂ ಆ ಓಟ ಹತ್ತಿದ್ದು ಖಂಡೂರಿ ಇದ್ದ ಆ ವರ್ಷಗಳಲ್ಲೇ.

ಆ ರಸ್ತೆಯ ಮೇಲೆ ಒಂದು ಕಪ್ಪು ಕಲೆಯೂ ಇದೆ. ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಸತ್ಯೇಂದ್ರ ದುಬೆ ಅನ್ನುವ ಇಂಜಿನಿಯರು, ಕಾನ್ಪುರ ಐಐಟಿಯಲ್ಲಿ ಓದಿದವರು, ಜಾರ್ಖಂಡಿನ ಕೋಡರ್ಮಾದಲ್ಲಿ ಇದೇ ಯೋಜನೆಯ ಕೆಲಸದಲ್ಲಿದ್ದರು. ಗುತ್ತಿಗೆಯಲ್ಲಿ ನಡೆಯುತ್ತಿದ್ದ ಅಕ್ರಮದ ಬಗ್ಗೆ 2002ರ ನವೆಂಬರಿನಲ್ಲಿ ಪ್ರಧಾನಿಗೇ ಪತ್ರ ಬರೆದರು. ನನ್ನ ಹೆಸರು ಗುಟ್ಟಾಗಿರಲಿ ಅಂತ ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಓಡಾಡಿತು. ಒಂದು ವರ್ಷ ಕಳೆದು, 2003ರ ನವೆಂಬರ್ 27ರ ಬೆಳಗಿನ ಜಾವ, ಗಯಾದಲ್ಲಿ ಅವರ ಕೊಲೆಯಾಯಿತು. ದರೋಡೆಗಾಗಿ ನಡೆದ ಕೊಲೆ ಅಂತ ಕೋರ್ಟು ಶಿಕ್ಷೆ ಕೊಟ್ಟಿತು. ಜನ ಅಷ್ಟಕ್ಕೇ ಸಮಾಧಾನ ಪಡಲಿಲ್ಲ. ಮೇಲೆ ಕೂತವರ ಕೈ ಎಷ್ಟೇ ಶುದ್ಧವಾಗಿರಲಿ, ಒಂದು ಪತ್ರವನ್ನು ಮುಚ್ಚಿಡಲು ಆ ವ್ಯವಸ್ಥೆಗೆ ಬರಲಿಲ್ಲ.

2007ರಲ್ಲಿ ಖಂಡೂರಿ ಉತ್ತರಾಖಂಡದ ಮುಖ್ಯಮಂತ್ರಿ. ಆಗ ಅವರು ಶಾಸಕರೇ ಆಗಿರಲಿಲ್ಲ. ಸೀಟು ಬಿಟ್ಟುಕೊಟ್ಟವರು ಯಾರು ಗೊತ್ತಾ? ಎದುರು ಪಕ್ಷದ ಕಾಂಗ್ರೆಸ್ ಶಾಸಕ, ಧುಮಾಕೋಟದ ಟಿ.ಪಿ.ಎಸ್. ರಾವತ್. ಅವರೂ ನಿವೃತ್ತ ಲೆಫ್ಟಿನೆಂಟ್ ಜನರಲ್! ರಾವತ್ ರಾಜೀನಾಮೆ ಕೊಟ್ಟು ಬಿಜೆಪಿಗೆ ಬಂದರು, ಖಂಡೂರಿ ಖಾಲಿ ಮಾಡಿದ ಲೋಕಸಭಾ ಸೀಟಿಗೆ ಹೋದರು. ಇಬ್ಬರು ಜನರಲ್‌ಗಳು ಕುರ್ಚಿ ಅದಲು ಬದಲು ಮಾಡಿಕೊಂಡ ಹಾಗಾಯಿತು.

ರಸ್ತೆ ಕೆಲಸದಲ್ಲಿ ಒಗ್ಗಿದ ಬಿಗಿ ಇಲ್ಲಿ ಒಗ್ಗಲಿಲ್ಲ. ಸೇನೆಯಲ್ಲಿ ಆದೇಶ ಮೇಲಿಂದ ಕೆಳಗೆ ಇಳಿಯುತ್ತೆ. ಪಕ್ಷದಲ್ಲಿ ದೂರು ಕೆಳಗಿಂದ ಮೇಲೆ ಹತ್ತುತ್ತೆ, ಅದೂ ಬೇಗ. ಮುಖ್ಯಮಂತ್ರಿ ನಮ್ಮ ಮಾತು ಕೇಳಲ್ಲ ಅಂತ ಶಾಸಕರು ದಿಲ್ಲಿಗೆ ಹೋಗಿ ಕೂತರು. 2009ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಐದಕ್ಕೆ ಐದೂ ಸೀಟು ಹೋದವು. ಜೂನ್‌ನಲ್ಲಿ ಖಂಡೂರಿ ಕೆಳಗಿಳಿದರು.

ಎರಡು ವರ್ಷದಲ್ಲಿ ಅದೇ ದಿಲ್ಲಿ ಅವರನ್ನು ವಾಪಸ್ ಕರೆಯಿತು. 2011ರ ಸೆಪ್ಟೆಂಬರ್. ಅಣ್ಣಾ ಹಜಾರೆ ಚಳವಳಿಯ ಬಿಸಿ ಆರಿರಲಿಲ್ಲ. ನಮ್ಮಲ್ಲೂ ಆ ಜುಲೈನಲ್ಲೇ ಲೋಕಾಯುಕ್ತರ ಗಣಿ ವರದಿ ಬಂದು ಮುಖ್ಯಮಂತ್ರಿ ಬದಲಾಗಿದ್ದರು. ಪಕ್ಷಕ್ಕೆ ಕೈ ಶುದ್ಧ ಇರುವ ಮುಖವೊಂದು ಬೇಕಿತ್ತು. ಖಂಡೂರಿ ಬಂದವರೇ, ಮುಖ್ಯಮಂತ್ರಿಯನ್ನೂ ತನಿಖೆಯ ಒಳಗೆ ತರುವ ಲೋಕಾಯುಕ್ತ ಮಸೂದೆಯನ್ನು ನವೆಂಬರಿನಲ್ಲಿ ಪಾಸು ಮಾಡಿಸಿದರು. ಅಣ್ಣಾ ಹೊಗಳಿದರು.

ಮುಂದಿನ ಚುನಾವಣೆಯ ಘೋಷಣೆ 'ಖಂಡೂರಿ ಹೈ ಜರೂರಿ'. ಖಂಡೂರಿ ಬೇಕೇ ಬೇಕು ಅಂತ. 2012ರ ಮಾರ್ಚಿನಲ್ಲಿ ಎಣಿಕೆ ನಡೆಯಿತು. ಕಾಂಗ್ರೆಸ್ಸಿಗೆ 32, ಬಿಜೆಪಿಗೆ 31. ಒಂದೇ ಒಂದು ಸೀಟಿನ ಅಂತರ. ಸೋತವರ ಪಟ್ಟಿಯಲ್ಲಿ ಕೋಟ್‌ದ್ವಾರದಿಂದ ನಿಂತಿದ್ದ ಖಂಡೂರಿಯವರೇ ಇದ್ದರು! ಅವರ ಜಾಗಕ್ಕೆ ಬಂದ ಕಾಂಗ್ರೆಸ್ ಮುಖ್ಯಮಂತ್ರಿ ವಿಜಯ್ ಬಹುಗುಣ, ಅದೇ ಸೋದರಮಾವನ ಮಗ.

2014ರಲ್ಲಿ ಮತ್ತೆ ಲೋಕಸಭೆಗೆ ಗೆದ್ದರು. ರಕ್ಷಣಾ ಖಾತೆಯ ಸ್ಥಾಯಿ ಸಮಿತಿಗೆ ಅಧ್ಯಕ್ಷರಾದರು. 2018ರ ಮಾರ್ಚಿನಲ್ಲಿ ಆ ಸಮಿತಿ ಕೊಟ್ಟ ವರದಿ ಕಟುವಾಗಿತ್ತು. ಸೇನೆಯ ಸಲಕರಣೆಗಳಲ್ಲಿ ಶೇ. 68ರಷ್ಟು ಹಳೇ ಕಾಲದ್ದು ಅಂತ ಅದರಲ್ಲಿತ್ತು. ತಮ್ಮದೇ ಪಕ್ಷದ ಸರ್ಕಾರ, ತಾವೇ ಅಧ್ಯಕ್ಷರು, ಆದರೂ ಅಂಕಿ ಮುಚ್ಚಿಡಲಿಲ್ಲ. ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ಬದಲಾದರು. ವರದಿಗಾಗಿಯೇ ತೆಗೆದರು ಅಂತ ಕಾಂಗ್ರೆಸ್ ಕೂಗಿತು. ಅವರ ಮಗ 2019ರಲ್ಲಿ ಕಾಂಗ್ರೆಸ್ ಸೇರಿ ತಂದೆಯ ಕ್ಷೇತ್ರದಿಂದಲೇ ನಿಂತು ಸೋತರು.

2022ರಲ್ಲಿ ಮಗಳು ಋತು ಖಂಡೂರಿ ಭೂಷಣ್ ಬಿಜೆಪಿಯಿಂದ ಕೋಟ್‌ದ್ವಾರದಲ್ಲಿ ನಿಂತರು. ಎದುರಾಳಿ, ಹತ್ತು ವರ್ಷದ ಹಿಂದೆ ಅಪ್ಪನನ್ನು ಸೋಲಿಸಿದ್ದ ಅದೇ ಸುರೇಂದ್ರ ಸಿಂಗ್ ನೇಗಿ. ಮಗಳು ಗೆದ್ದರು, ವಿಧಾನಸಭೆಯ ಸ್ಪೀಕರ್ ಕುರ್ಚಿಯಲ್ಲಿ ಕೂತರು.

ನಮಸ್ಕಾರ.