ಕಾಲುದಾರಿ ಮುಗಿದ ಮೇಲೆ ಆರು ಜನ

ಎಲ್ಲರಿಗೂ ನಮಸ್ಕಾರ. ಇವತ್ತು ಒಂದು ನಡಿಗೆಯ ಬಗ್ಗೆ ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಸಿಯೆರಾ ನೆವಾಡ ಅಂತ ಒಂದು ಬೆಟ್ಟಸಾಲಿದೆ. ಸುಮಾರು 640 ಕಿಲೋಮೀಟರ್ ಉದ್ದ. ಅದರ ನೆತ್ತಿಯ ಹತ್ತಿರ, ಕಾಲುದಾರಿಯೇ ಇಲ್ಲದ ಕಡೆ, ನಾವು ಆರು ಜನ ಕನ್ನಡಿಗರು ಊಟ, ಹಾಸಿಗೆ, ಡೇರೆ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ಒಂದು ಆಗಸ್ಟ್ ತಿಂಗಳಲ್ಲಿ ನಡೆದೆವು. ಐದು ದಿನ ಅಂತ ಹೊರಟಿದ್ದೆವು, ಆರು ದಿನ ಆಯಿತು. ಆ ಒಂದು ದಿನ ಯಾಕೆ ಜಾಸ್ತಿ ಆಯಿತು ಅನ್ನುವುದೇ ನಾನು ಹೇಳಬೇಕಾದ ಮಾತು.

ಮೊದಲು ಜಾಗದ ಬಗ್ಗೆ ಸ್ವಲ್ಪ ಕೇಳಿ. ಈ ಬೆಟ್ಟಗಳಲ್ಲಿ ಜಾನ್ ಮ್ಯೂರ್ ಟ್ರೇಲ್ ಅಂತ ಒಂದು ಹೆಸರಾದ ಕಾಲುದಾರಿ ಇದೆ. ಸುಮಾರು 340 ಕಿಲೋಮೀಟರ್. ಕಡಿದು, ಕಲ್ಲು ಜೋಡಿಸಿ, ವರ್ಷಾನುಗಟ್ಟಲೆ ಕಷ್ಟಪಟ್ಟು ಮಾಡಿದ ದಾರಿ, 1938ರಲ್ಲಿ ಪೂರ್ತಿ ಆಯಿತು. ಆದರೆ ಆ ದಾರಿ ಆಗಾಗ ಆಳವಾದ ಕಣಿವೆಗೆ ಇಳಿದು ಮತ್ತೆ ಹತ್ತುತ್ತದೆ. ಸ್ಟೀವ್ ರೋಪರ್ ಎಂಬ ಪರ್ವತಾರೋಹಿ ಬೇರೆ ಯೋಚನೆ ಮಾಡಿದರು. ಕಣಿವೆಗೆ ಇಳಿಯದೆ ಮೇಲೆಯೇ, ಮರಗಳು ಮುಗಿಯುವ ಎತ್ತರದಲ್ಲೇ, ಒಂದು ಕೊಳ್ಳದಿಂದ ಇನ್ನೊಂದು ಕೊಳ್ಳಕ್ಕೆ ದಾಟಿಕೊಂಡು ಹೋಗಬಹುದಾದ ಜಾಗಗಳನ್ನು ಹುಡುಕಿ ಹೊಂದಿಸಿದರು. ಅದೇ ಸಿಯೆರಾ ಹೈ ರೂಟ್. ಸುಮಾರು 314 ಕಿಲೋಮೀಟರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ನೆಲದ ಮೇಲೆ ದಾರಿ ಇಲ್ಲ. ಫಲಕ ಇಲ್ಲ, ಬಾಣದ ಗುರುತೂ ಇಲ್ಲ. ನಾವು ನಡೆದದ್ದು ಅದರ ಒಂದು ಚಿಕ್ಕ ತುಂಡು, ಪ್ಯಾಲಿಸೇಡ್ ಅನ್ನುವ ಚೂಪು ಶಿಖರಗಳ ಬುಡದಲ್ಲಿ. ಅಲ್ಲಿನ ನಾರ್ತ್ ಪ್ಯಾಲಿಸೇಡ್ ಶಿಖರದ ಎತ್ತರ 4,300 ಮೀಟರಿಗೂ ಜಾಸ್ತಿ.

ಹೊರಡುವ ಮೊದಲಿನ ಕೆಲಸವೇ ದೊಡ್ಡದು. ಅನುಮತಿ ಚೀಟಿ ಬೇಕು, ದಿನಕ್ಕೆ ಇಷ್ಟೇ ಜನ ಅಂತ ಲೆಕ್ಕ ಇರುತ್ತದೆ. ಊಟವನ್ನೆಲ್ಲ ಕರಡಿ ತೆರೆಯಲಾಗದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಡಬೇಕು. ನಾವು ಅದನ್ನು ಕರಡಿ ಡಬ್ಬಿ ಅಂತಲೇ ಕರೆದೆವು. ಕ್ಯಾಲಿಫೋರ್ನಿಯಾದ ಸನ್ನಿವೇಲ್ ಊರಿನ ಒಂದು ಅಡುಗೆಮನೆಯಲ್ಲಿ ಕೂತು ಆರೂ ಜನ ಡಬ್ಬಿ ತುಂಬಿದೆವು. 3,500 ಮೀಟರ್ ಎತ್ತರದಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಗೊತ್ತಲ್ವಾ? ಅಕ್ಕಿ, ಬೇಳೆ ಬೇಯುವಷ್ಟರಲ್ಲಿ ಗ್ಯಾಸ್ ಖಾಲಿ. ಅಂತಹ ಕಡೆ ನಮ್ಮ ಅವಲಕ್ಕಿಯನ್ನು ಮೀರಿಸುವ ಊಟ ಇಲ್ಲ ಅಂತ ನಾನು ಖಂಡಿತ ಹೇಳುತ್ತೇನೆ. ಬಿಸಿನೀರು ಹಾಕಿ ಮುಚ್ಚಿಟ್ಟರೆ ಐದು ನಿಮಿಷ. ಮೇಲೆ ಚಟ್ನಿಪುಡಿ. ಬೆಳಿಗ್ಗೆ ಹುರಿಹಿಟ್ಟು, ಬೆಲ್ಲ. ತೂಕ ಕಡಿಮೆ, ಜಾಗ ಕಡಿಮೆ, ಹೊಟ್ಟೆಗೂ ಹಿತ.

ಆ ಅಡುಗೆಮನೆಯಲ್ಲೇ ಎರಡು ಮಾತು ಆಗಿತ್ತು. ಒಂದು, ಸಾಮಾನು ಹಂಚಿಕೊಳ್ಳುವುದು. ಒಬ್ಬರ ಚೀಲದಲ್ಲಿ ಡೇರೆಯ ಬಟ್ಟೆ, ಇನ್ನೊಬ್ಬರ ಚೀಲದಲ್ಲಿ ಅದರ ಕೋಲು, ಒಬ್ಬರ ಹತ್ತಿರ ಒಲೆ, ಇನ್ನೊಬ್ಬರ ಹತ್ತಿರ ಗ್ಯಾಸ್. ಎರಡನೆಯದು, ಯಾರಾದರೂ ಒಬ್ಬರು ಬೇಡ ಅಂದರೆ ಮುಗಿಯಿತು. ಕಾರಣ ಕೇಳಬಾರದು, ವಾದ ಮಾಡಬಾರದು. ಆಗ ಎಲ್ಲರೂ ತಲೆ ಆಡಿಸಿದೆವು. ಅಡುಗೆಮನೆಯಲ್ಲಿ ಅದು ಸುಲಭ.

ಮೊದಲ ದಿನ ಒಳ್ಳೆಯ ಕಾಲುದಾರಿ. ಸೌತ್ ಲೇಕ್ ಎಂಬ ಕೆರೆಯ ದಂಡೆಯಿಂದ ಬಿಷಪ್ ಪಾಸ್‌ವರೆಗೆ ಹತ್ತು ಕಿಲೋಮೀಟರ್ ಏರು. ಪಾಸ್ ಅಂದರೆ ಎರಡು ಶಿಖರಗಳ ನಡುವೆ ದಾಟಿಹೋಗುವ ತಗ್ಗು. ಹೆಸರಿಗೆ ತಗ್ಗು ಅಷ್ಟೇ, ಅದರ ಎತ್ತರ ಸುಮಾರು 3,650 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಹತ್ತಿರ ಹತ್ತಿರ ಎರಡರಷ್ಟು. ಉಸಿರು ಸಾಲುವುದಿಲ್ಲ. ಹತ್ತು ಹೆಜ್ಜೆ, ನಿಲ್ಲು. ಹತ್ತು ಹೆಜ್ಜೆ, ನಿಲ್ಲು. ಆಚೆ ಇಳಿದರೆ ಡೂಸಿ ಬೇಸಿನ್, ಕೆರೆಗಳ ಬಯಲು. ರಾತ್ರಿ ಅಲ್ಲಿ ಡೇರೆ.

ಎರಡನೆಯ ದಿನ ಬೆಳಿಗ್ಗೆ ದಾರಿ ಬಿಟ್ಟೆವು. ಆ ಗಳಿಗೆ ನನಗೆ ಈಗಲೂ ಕಣ್ಣ ಮುಂದಿದೆ. ಬಲಗಡೆ ಕಾಲುದಾರಿ ಬೆಳ್ಳಗೆ, ಧೂಳು ಧೂಳಾಗಿ, ಕಣಿವೆಯ ಕಡೆ ಇಳಿದು ಹೋಗುತ್ತಿತ್ತು. ನಾವು ಎಡಕ್ಕೆ ತಿರುಗಿ ಹುಲ್ಲಿನ ಮೇಲೆ ಕಾಲಿಟ್ಟೆವು. ಇಲ್ಲಿ ಒಂದು ವಿಷಯ ಹೇಳಲೇಬೇಕು. ಮಲೆನಾಡಿನಲ್ಲಿ ಬೆಳೆದ ನನಗೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯುವುದು ಅಭ್ಯಾಸ. ದಾರಿ ಇಲ್ಲದ ಹುಲ್ಲಿನಲ್ಲಿ ಹಾಗೆ ನಡೆಯಬಾರದು. ಆರು ಜನ ಒಂದೇ ಗೆರೆಯಲ್ಲಿ ತುಳಿದರೆ ಹುಲ್ಲು ಸಾಯುತ್ತದೆ, ಮುಂದೆ ಬಂದವರು ಅದನ್ನೇ ದಾರಿ ಅಂದುಕೊಳ್ಳುತ್ತಾರೆ, ಮಳೆ ನೀರು ಅಲ್ಲೇ ಹರಿದು ಕೊರಕಲು ಬೀಳುತ್ತದೆ. ಆ ಎತ್ತರದಲ್ಲಿ ಹುಲ್ಲು ಬೆಳೆಯಲು ವರ್ಷದಲ್ಲಿ ಎರಡು, ಮೂರು ತಿಂಗಳಷ್ಟೇ ಸಿಗುವುದು. ಹಾಗಾಗಿ ಬೀಸಣಿಗೆ ಬಿಚ್ಚಿದ ಹಾಗೆ ಹರಡಿಕೊಂಡು ನಡೆಯಬೇಕು, ಬಂಡೆ ಸಿಕ್ಕಿದರೆ ಬಂಡೆಯ ಮೇಲೆಯೇ ಕಾಲಿಡಬೇಕು. ಹಾಗಂತ ನಮ್ಮ ಘಟ್ಟದ ಕಾಡಿನಲ್ಲಿ ದಾರಿ ಬಿಟ್ಟು ಹೋಗಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಅರಣ್ಯ ಇಲಾಖೆ ಗುರುತು ಮಾಡಿದ ದಾರಿಯಲ್ಲೇ ಹೋಗಬೇಕು, ಅದು ಸರಿಯಾದ ನಿಯಮ.

ಅಲ್ಲಿಂದ ನ್ಯಾಪ್‌ಸ್ಯಾಕ್ ಪಾಸ್‌ಗೆ ಏರು. ಹುಲ್ಲು ಮುಗಿದು ಬಂಡೆಗಳ ರಾಶಿ ಶುರುವಾಯಿತು. ಕೆಲವು ಬಂಡೆ ಕುರ್ಚಿಯಷ್ಟು, ಕೆಲವು ಕಾರಿನಷ್ಟು, ಒಂದರ ಮೇಲೊಂದು ಸುಮ್ನೆ ಸುರಿದ ಹಾಗೆ. ಎಲ್ಲವೂ ಗ್ರಾನೈಟ್. ನಮ್ಮ ರಾಮನಗರದ ಬೆಟ್ಟಗಳೂ ಗ್ರಾನೈಟೇ. ಆದರೆ ರಾಮನಗರದ್ದು ಸುಮಾರು 250 ಕೋಟಿ ವರ್ಷ ಹಳೆಯದು, ಇಲ್ಲಿಯದು ಹೆಚ್ಚಾಗಿ 10 ಕೋಟಿ ವರ್ಷದ ಆಚೀಚೆ. ನಮ್ಮ ಊರಿನ ಬಂಡೆ ಮಳೆ ಬಿಸಿಲಿಗೆ ಸವೆದು ದುಂಡಗಾಗಿ ಕೂತಿದೆ. ಇಲ್ಲಿಯ ಬಂಡೆಯನ್ನು ಹಿಮನದಿ ಕೊರೆದು, ಚಳಿಗಾಲದ ಮಂಜುಗಡ್ಡೆ ಬಿರುಕಿಗೆ ನುಗ್ಗಿ ಸೀಳಿ ಸೀಳಿ ಹಾಕಿದೆ. ಅದಕ್ಕೇ ಅಂಚು ಇನ್ನೂ ಚೂಪು, ಕಲ್ಲು ಇನ್ನೂ ಅಲುಗುತ್ತದೆ. ಪ್ರತಿ ಕಲ್ಲನ್ನೂ ಕಾಲಿನಿಂದ ಒತ್ತಿ ನೋಡಿ ಆಮೇಲೆ ಭಾರ ಹಾಕಬೇಕು. ಕಡಿದಾದ ಕಡೆ ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು. ಕಲ್ಲು ಉರುಳಿದರೆ ಕೂಗಬೇಕು. ನಾವು "ಕಲ್ಲು! ಕಲ್ಲು!" ಅಂತ ಕೂಗಿಕೊಂಡೆವು. ಗಂಟೆಗೆ ಒಂದು ಕಿಲೋಮೀಟರ್ ದಾಟಿದರೆ ಹೆಚ್ಚು.

ಬಂಡೆಗಳ ಸಂದಿಯಲ್ಲಿ ಪೀಕಾ ಅಂತ ಒಂದು ಪುಟ್ಟ ಪ್ರಾಣಿ ಇರುತ್ತದೆ. ಮೊಲದ ಬಳಗ, ಆದರೆ ಉದ್ದ ಕಿವಿ ಇಲ್ಲ, ಅಂಗೈಯಲ್ಲಿ ಹಿಡಿಯುವಷ್ಟು ಮೈ. ಚಳಿಗಾಲಕ್ಕೆ ಹುಲ್ಲು ಕಚ್ಚಿ ತಂದು, ಒಣಗಿಸಿ, ಬಣವೆ ಒಟ್ಟುತ್ತದೆ. ನಾವು ಕಲ್ಲಿನ ಮೇಲೆ ತತ್ತರಿಸುತ್ತಾ ಇದ್ದರೆ ಅದು ಬಾಯಲ್ಲಿ ಹೂವು ಕಚ್ಚಿಕೊಂಡು ಪಕ್ಕದಲ್ಲೇ ಓಡಿಹೋಯಿತು. ಎಲ್ಲರೂ ನಿಂತು ನೋಡಿದೆವು.

ಅವತ್ತಿನ ಲೆಕ್ಕದಲ್ಲಿ ಎರಡು ಪಾಸ್ ದಾಟಬೇಕಿತ್ತು. ನ್ಯಾಪ್‌ಸ್ಯಾಕ್ ದಾಟಿದಾಗಲೇ ಹೊತ್ತಾಗಿತ್ತು. ಎರಡನೆಯದರ ಹೆಸರು ಪಾಟ್‌ಲಕ್ ಪಾಸ್. ಅದರ ನೆತ್ತಿ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಹತ್ತುವ ಕಡೆ ಅಷ್ಟೇನೂ ಕಷ್ಟವಿಲ್ಲ. ಆಚೆ ಬಗ್ಗಿ ನೋಡಿದರೆ ಸ್ವಲ್ಪ ಬಂಡೆ ಕಾಣುತ್ತದೆ, ಆಮೇಲೆ ಏನೂ ಇಲ್ಲ, ನೇರ ಕೆಳಗೆ ನೀಲಿ ಕೆರೆ. ನಡುವೆ ಏನಿದೆ ಅಂತ ತಿಳಿಯುವುದಿಲ್ಲ. ನಕ್ಷೆ ನನ್ನ ಕೈಯಲ್ಲಿತ್ತು. ಕಾಂಟೂರ್ ಗೆರೆ ಅಂದರೆ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ. ಆ ನಕ್ಷೆಯಲ್ಲಿ ಅಂಥ ಒಂದು ಗೆರೆಗೂ ಇನ್ನೊಂದಕ್ಕೂ ಎತ್ತರದಲ್ಲಿ 40 ಅಡಿ ಅಂತರ, ಅಂದರೆ 12 ಮೀಟರ್. ಎರಡು ಗೆರೆಗಳ ನಡುವೆ 30 ಅಡಿಯ ಕಡಿದಾದ ಬಂಡೆ ಇದ್ದರೂ ನಕ್ಷೆಯಲ್ಲಿ ಕಾಣದೇ ಹೋಗಬಹುದು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಇಳಿಯೋಣ ಅಂತಲೇ ನನ್ನ ಮನಸ್ಸಿನಲ್ಲಿತ್ತು. ಪಡುವಣದಲ್ಲಿ ಮೋಡ ಹೂಕೋಸಿನ ಹಾಗೆ ಅರಳುತ್ತಿತ್ತು. ಸಿಯೆರಾದಲ್ಲಿ ಬೇಸಿಗೆಯ ಗುಡುಗು ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಬೇಗ ಇಳಿದುಬಿಟ್ಟರೆ ಸರಿ ಅನ್ನುವುದು ನನ್ನ ವಾದ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಒಬ್ಬರಿದ್ದರು. ಮೈಸೂರಿನವರು, ನಾವೆಲ್ಲ ಅಕ್ಕ ಅಂತ ಕರೆಯುವವರು. ಅವರು ಅಂಚಿನವರೆಗೆ ಬಂದರು, ನೋಡಿದರು, ಹಿಂದೆ ಹೋಗಿ ಒಂದು ಕಲ್ಲಿನ ಮೇಲೆ ಕೂತರು.

"ನನ್ನ ಕಾಲು ನಡುಗ್ತಾ ಇದೆ. ಇವತ್ತು ನಾನು ಇಳಿಯಲ್ಲ. ನೀವು ಹೋಗಿ, ನಾನು ಬಂದ ಹಾಗೇ ವಾಪಸ್ ಹೋಗ್ತೀನಿ."

ನನಗೆ ಸಿಟ್ಟು ಬಂತು. ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ. ಮೂರು ತಿಂಗಳು ಕೂತು ಮಾಡಿದ ಯೋಜನೆ, ಆಫೀಸಿನಲ್ಲಿ ಕೇಳಿ ಪಡೆದ ರಜೆ, ಲೆಕ್ಕ ಹಾಕಿ ತುಂಬಿದ ಊಟ, ಎಲ್ಲ ತಲೆಗೆ ಬಂತು. "ಅಕ್ಕ, ಅಷ್ಟೊಂದು ಕಷ್ಟ ಏನಿಲ್ಲ, ನಾನು ಮುಂದೆ ಹೋಗ್ತೀನಿ" ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮಲ್ಲಿ ಚಿಕ್ಕವಳು, ಹುಬ್ಬಳ್ಳಿಯ ಹುಡುಗಿ, ಚೀಲ ಕೆಳಗಿಟ್ಟು ಅಕ್ಕನ ಪಕ್ಕ ಕೂತಳು. "ಅಕ್ಕಾ, ನೀವು ಬರಲ್ಲ ಅಂದ್ರ ನಾವೂ ಹೋಗಂಗಿಲ್ಲ. ಡೇರೆ ಕೋಲು ನಿಮ್ಮ ಚೀಲದಾಗ ಅದಾವ, ಬಟ್ಟಿ ನನ್ನ ಚೀಲದಾಗ ಐತಿ" ಅಂದಳು. ಅಕ್ಕ ಅವಳ ಕೈ ಹಿಡಿದುಕೊಂಡರು. ನನಗೆ ಅಡುಗೆಮನೆಯ ಮಾತು ನೆನಪಾಯಿತು. ನಾನು ನಕ್ಷೆ ಮಡಿಸಿದೆ.

ಹಿಂದಕ್ಕೆ ಬ್ಯಾರೆಟ್ ಕೆರೆಗಳ ಹತ್ತಿರ ಇಳಿದು, ತಗ್ಗಿನಲ್ಲಿ ಡೇರೆ ಹಾಕಿದೆವು. ದಾರಿಯುದ್ದಕ್ಕೂ ನಾನು ಹೆಚ್ಚು ಮಾತಾಡಲಿಲ್ಲ. ಮೂರೂವರೆಗೆ ಆಲಿಕಲ್ಲು ಶುರುವಾಯಿತು. ಡೇರೆಯ ಮೇಲೆ ಕಡಲೆ ಹುರಿದ ಹಾಗೆ ಸದ್ದು. ಗುಡುಗು ಕೊಳ್ಳದ ಗೋಡೆಗೆ ಬಡಿದು ಬಡಿದು ತಿರುಗಿ ಬರುತ್ತಿತ್ತು. ನಾವು ನಿಂತಿದ್ದ ನೆತ್ತಿ ಬಿಳಿ ಮಂಜಿನಲ್ಲಿ ಮುಳುಗಿಹೋಗಿತ್ತು. ಮುಂದೆ ಹೋಗಿದ್ದರೆ ಆ ಹೊತ್ತಿಗೆ ಎಲ್ಲಿ ಇರುತ್ತಿದ್ದೆವು ಅಂತ ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಹಾಕಿರಬೇಕು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಕ್ಕ ಅವಲಕ್ಕಿ ಕಲಸಿದರು. ನಾನು ಅವರ ಹತ್ತಿರ ಹೋಗಿ ಕೂತೆ. "ಅಕ್ಕ, ತಪ್ಪಾಯ್ತು" ಅಂದೆ. "ತಿನ್ನು ಮೊದಲು" ಅಂದರು.

ಬೆಳಿಗ್ಗೆ ಐದಕ್ಕೆ ಎದ್ದೆವು. ನೀರಿನ ಬಾಟಲಿಯಲ್ಲಿ ಹೆಕ್ಕಳೆಯಷ್ಟು ತೆಳ್ಳಗೆ ಮಂಜುಗಡ್ಡೆ. ಏಳು ದಾಟುವ ಮೊದಲೇ ಮತ್ತೆ ಅದೇ ನೆತ್ತಿ. ಆಕಾಶ ಪೂರ್ತಿ ತಿಳಿ. ಹಿಂದಿನ ದಿನ ಮೋಡದ ಮಂಕು ಬೆಳಕಿನಲ್ಲಿ ಇಳಿಜಾರೆಲ್ಲ ಒಂದೇ ಬೂದು ಗೋಡೆಯ ಹಾಗೆ ಕಂಡಿತ್ತು. ಈಗ ಎಳೆಬಿಸಿಲು ಓರೆಯಾಗಿ ಬಿದ್ದು ಪ್ರತಿ ಅಂಚಿಗೂ ಒಂದು ನೆರಳು ಬಂದಿತ್ತು. ಬಂಡೆಯ ಮೆಟ್ಟಿಲುಗಳು ಒಂದೊಂದಾಗಿ ಎದ್ದು ಕಂಡವು. ಮೊದಲು ಗುರುತಿಸಿದವರು ಅಕ್ಕ. "ಅಲ್ಲಿ ನೋಡು, ನೆರಳು ಎರಡಾಗಿ ಒಡೆಯುತ್ತಲ್ಲ, ಅಲ್ಲಿಂದ ಜಲ್ಲಿಗೆ ಇಳಿಬಹುದು" ಅಂದರು. ಒಬ್ಬರು ಚೀಲ ಬಿಟ್ಟು ಹೋಗಿ ನೋಡಿ ಬಂದರು. ಸರಿಯಾಗಿತ್ತು. ಒಬ್ಬೊಬ್ಬರಾಗಿ ಇಳಿದೆವು. ಒಬ್ಬರು ಇಳಿದು ಪಕ್ಕಕ್ಕೆ ಸರಿದು "ಬನ್ನಿ" ಅಂದ ಮೇಲೇ ಇನ್ನೊಬ್ಬರು. ಎರಡು ಗಂಟೆ ಹಿಡಿಯಿತು. ಕೆಳಗಿನ ಕೆರೆಯ ಹತ್ತಿರ ಬೂಟು ಬಿಚ್ಚಿ ಕಾಲು ನೀರಿಗೆ ಇಳಿಬಿಟ್ಟೆವು. ಒಂದು ನಿಮಿಷಕ್ಕಿಂತ ಜಾಸ್ತಿ ಇಡಲಾಗದಷ್ಟು ತಣ್ಣಗೆ.

ಆಮೇಲೆ ಸರ್ಕ್ ಪಾಸ್. ಅಲ್ಲೂ ಇಳಿಯುವಾಗ ಎರಡು ಸಲ ಬಂಡೆಯ ಅಂಚಿಗೆ ಬಂದು ನಿಂತು ಹಿಂದೆ ಹೋಗಿ ಬೇರೆ ಕಡೆಯಿಂದ ಇಳಿದೆವು. ಅಷ್ಟು ಹೊತ್ತಿಗೆ ಹಿಂದೆ ಹೋಗುವುದು ನಮಗೆ ಬೇಸರದ ವಿಷಯವಾಗಿ ಉಳಿದಿರಲಿಲ್ಲ. ಸಂಜೆ ಪ್ಯಾಲಿಸೇಡ್ ಕೆರೆಯ ಹತ್ತಿರ ಜಾನ್ ಮ್ಯೂರ್ ಟ್ರೇಲ್ ಸಿಕ್ಕಿತು.

ಮಾರನೆಯ ದಿನ ನನಗೆ ಒಂದು ಸಂಗತಿ ಗಮನಕ್ಕೆ ಬಂತು. ಒಳ್ಳೆಯ ದಾರಿ, ಇಳಿಜಾರು, ಕಾಲು ತಾನಾಗಿ ನಡೆಯುತ್ತದೆ. ಒಂದು ಗಂಟೆ ಆದ ಮೇಲೆ ತಿರುಗಿ ನೋಡಿದರೆ ನನ್ನ ಹಿಂದೆ ಯಾರೂ ಇಲ್ಲ. ಮುಂದೆಯೂ ಇಲ್ಲ. ಆರು ಜನ ಆರು ಕಡೆ, ಅವರವರ ವೇಗದಲ್ಲಿ. ದಾರಿ ಇಲ್ಲದ ಕಡೆ ನಡೆದ ಎರಡು ದಿನ ನಾವು ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳದಷ್ಟು ದೂರ ಒಮ್ಮೆಯೂ ಹೋಗಿರಲಿಲ್ಲ. ಅಲ್ಲಿ ಹೋಗುವಂತೆಯೇ ಇರಲಿಲ್ಲ. ನಾನು ಒಂದು ಪೈನ್ ಮರದ ಕೆಳಗೆ ಚೀಲ ಇಳಿಸಿ ಕಾದೆ. ಕೊನೆಗೆ ಅಕ್ಕ ಬಂದರು, ಹುಬ್ಬಳ್ಳಿಯ ಹುಡುಗಿ ಜೊತೆಗಿದ್ದಳು. ಅಲ್ಲಿಂದ ಮುಂದೆ ಅಕ್ಕನನ್ನೇ ಎಲ್ಲರಿಗಿಂತ ಮುಂದೆ ನಡೆಸಿದೆವು.

ಲಿ ಕಾಂಟ್ ಕಣಿವೆಯಿಂದ ಮತ್ತೆ ಡೂಸಿ ಬೇಸಿನ್‌ಗೆ ಹತ್ತಲು ಒಂದು ದಿನ ಪೂರ್ತಿ ಬೇಕಾಯಿತು. ಕರಡಿ ಡಬ್ಬಿಯ ತಳದಲ್ಲಿ ಎರಡು ಹಿಡಿ ಅವಲಕ್ಕಿ, ಒಂದು ಚಮಚ ಚಟ್ನಿಪುಡಿ ಉಳಿದಿತ್ತು. ಆರು ಪಾಲು ಮಾಡಿದೆವು. ಕೂತಿದ್ದ ಕಡೆಯಿಂದ ನ್ಯಾಪ್‌ಸ್ಯಾಕ್ ಪಾಸ್‌ನ ಇಳಿಜಾರು ಚೆನ್ನಾಗಿ ಕಾಣುತ್ತಿತ್ತು. ನಾಲ್ಕು ದಿನದ ಹಿಂದೆ ನಾವು ಹರಡಿಕೊಂಡು ಹತ್ತಿದ ಜಾಗ. ಎಲ್ಲಿ ಹತ್ತಿದೆವು ಅಂತ ಅಕ್ಕ ಕೇಳಿದರು. ಆರೂ ಜನ ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ಹುಡುಕಿದೆವು. ಹುಲ್ಲಿನಲ್ಲಿ ಒಂದು ಗೆರೆಯೂ ಕಾಣಲಿಲ್ಲ.