ಲಿವರ್ ಎಲ್ಲಿಯವರೆಗೆ ಬೆಂದಿದೆ? ಪ್ರತಿಧ್ವನಿಯನ್ನು ಕೇಳಿ

(ತೆರೆಯ ಮೇಲೆ: ಎರಡು ತಟ್ಟೆ. ಒಂದರಲ್ಲಿ ಹಸಿ ಲಿವರ್, ಇನ್ನೊಂದರಲ್ಲಿ ಬೆಂದದ್ದು)

ನಮಸ್ಕಾರ. ಹಸಿ ಲಿವರ್ ಕಡುಗೆಂಪು, ಮೆತ್ತಗೆ. ಬೆಂದದ್ದು ಮಾಸಲು ಕಂದು, ಗಟ್ಟಿ. ನೋಡಿದರೆ ಸಾಕು, ಗೊತ್ತಾಗುತ್ತದೆ, ಅಲ್ವಾ? ಆದರೆ ಲಿವರ್ ರೋಗಿಯ ಹೊಟ್ಟೆಯೊಳಗಿದ್ದರೆ?

ಲಿವರ್‌ನ ಸಣ್ಣ ಕ್ಯಾನ್ಸರ್ ಗಡ್ಡೆಗಳಿಗೆ, ಸಾಮಾನ್ಯವಾಗಿ 3 ಸೆಂಟಿಮೀಟರ್ ಒಳಗಿನವಕ್ಕೆ, ರೇಡಿಯೋಫ್ರೀಕ್ವೆನ್ಸಿ ಅಬ್ಲೇಷನ್ ಎಂಬ ಚಿಕಿತ್ಸೆ ಇದೆ. ಹೊಟ್ಟೆ ಕೊಯ್ಯದೆ, ಚರ್ಮದ ಮೂಲಕ ಸೂಜಿ ತೂರಿಸಿ ಗಡ್ಡೆಯನ್ನು ಕಾಯಿಸುತ್ತಾರೆ. 60 ಡಿಗ್ರಿ ದಾಟಿದರೆ ಜೀವಕೋಶದ ಪ್ರೋಟೀನ್ ಗಟ್ಟಿಯಾಗಿ ಕೋಶ ಸಾಯುತ್ತದೆ. ಬಾಣಲೆಯಲ್ಲಿ ಆಗುವುದೂ ಇದೇ. ಗಡ್ಡೆಯ ಸುತ್ತ 5ರಿಂದ 10 ಮಿಲಿಮೀಟರ್ ಒಳ್ಳೆಯ ಲಿವರನ್ನೂ ಸೇರಿಸಿ ಸುಡಬೇಕು. ಕಡಿಮೆಯಾದರೆ ಗಡ್ಡೆ ಮತ್ತೆ ಬೆಳೆಯಬಹುದು. ಜಾಸ್ತಿಯಾದರೆ ಪಕ್ಕದ ಪಿತ್ತನಾಳಕ್ಕೋ ಕರುಳಿಗೋ ಪೆಟ್ಟು.

ಸೂಜಿಗೆ ದಾರಿ ತೋರಿಸುವುದು ಹೆಚ್ಚಾಗಿ ಅಲ್ಟ್ರಾಸೌಂಡ್. ಆದರೆ ಬಿಸಿ ಏರಿದಂತೆ ಆವಿಯ ಗುಳ್ಳೆಗಳೆದ್ದು ತೆರೆಯ ಮೇಲೆ ಬಿಳಿ ಮೋಡ ಕವಿಯುತ್ತದೆ. ಮೋಡದ ಅಂಚೇ ಬೆಂದ ಜಾಗದ ಅಂಚು ಎಂದು ನಂಬುವ ಹಾಗಿಲ್ಲ. ಗುಳ್ಳೆ ಕರಗಿದ ಮೇಲೆ ಬೆಂದದ್ದು, ಬೇಯದ್ದು ಎರಡೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣ.

ಇಲ್ಲೇ ನನಗೆ ತುಂಬ ಇಷ್ಟವಾದ ವಿಷಯ ಬರುವುದು. ಯಂತ್ರಕ್ಕೆ ವಾಪಸ್ ಬರುವುದು ಚಿತ್ರವಲ್ಲ, ಪ್ರತಿಧ್ವನಿ. ಸೆಕೆಂಡಿಗೆ ಲಕ್ಷಾಂತರ ಸಲ ಕಂಪಿಸುವ ಅಲೆ. ಚಿತ್ರ ಬಿಡಿಸುವಾಗ ಯಂತ್ರ ಆ ಅಲೆಯ ಎತ್ತರವನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಎಷ್ಟೋ ಸುಳಿವು ಇರುವುದು ಆ ಬಿಟ್ಟದ್ದರಲ್ಲೇ!

(ತೆರೆಯ ಮೇಲೆ: ಮದುವೆ ಮನೆ, ನಡುವೆ ಗೋಡೆ)

ಗೋಡೆಯಾಚೆ ವಾಲಗ ಊದುತ್ತಿದ್ದಾರೆ ಅಂದುಕೊಳ್ಳಿ. ಡೋಲಿನ ಸದ್ದು ಗೋಡೆ ದಾಟಿ ಬರುತ್ತದೆ, ಚೂಪು ದನಿ ಮಂಕಾಗುತ್ತದೆ. ಲಿವರ್ ಕೂಡ ಹಾಗೇ. ಪ್ರತಿ ಸೆಂಟಿಮೀಟರಿಗೆ, ಪ್ರತಿ ಮೆಗಾಹರ್ಟ್ಜ್‌ಗೆ (ಸೆಕೆಂಡಿಗೆ ಹತ್ತು ಲಕ್ಷ ಕಂಪನ) ಸುಮಾರು ಅರ್ಧ ಡೆಸಿಬಲ್ ನುಂಗುತ್ತದೆ. ಬೆಂದ ಲಿವರ್ ಇನ್ನೂ ಜಾಸ್ತಿ ನುಂಗುತ್ತದೆ. ಅಂದರೆ ಬೆಂದ ಭಾಗವನ್ನು ದಾಟಿ ಬಂದ ಪ್ರತಿಧ್ವನಿಯಲ್ಲಿ ಮೇಲಿನ ಆವರ್ತನಗಳು, ಅಂದರೆ ಚೂಪು ದನಿಗಳು, ಸೊರಗಿರುತ್ತವೆ. ಅಲೆಯನ್ನು ಆವರ್ತನಗಳಾಗಿ ಬಿಡಿಸಿ ನೋಡಿದರೆ ಇದು ಕಾಣುತ್ತದೆ. ಚಿತ್ರದ ಚುಕ್ಕೆಗಳ ಏರಿಳಿತವನ್ನು ನಕಾಗಾಮಿ ಎಂಬ ಲೆಕ್ಕದಿಂದ ಅಳೆಯುವವರೂ ಇದ್ದಾರೆ. ಬೆಂದ ಭಾಗ ಗಟ್ಟಿಯಾಗುತ್ತದಲ್ಲ, ಆ ಗಟ್ಟಿತನವನ್ನೇ ಅಳೆಯುವುದು ಎಲಾಸ್ಟೋಗ್ರಫಿ.

ಪ್ರಯೋಗಾಲಯದಲ್ಲಿ ಹಂದಿ, ದನದ ಲಿವರ್ ತಂದು ಕಾಯಿಸುತ್ತಾರೆ. ಅಲೆಗಳನ್ನು ರೆಕಾರ್ಡ್ ಮಾಡುತ್ತಾರೆ. ಆಮೇಲೆ ಲಿವರನ್ನು ಕತ್ತರಿಸಿ, ಲೆಕ್ಕ ತೋರಿಸಿದ ಅಂಚು ಕಣ್ಣಿಗೆ ಕಾಣುವ ಅಂಚಿಗೆ ಹೊಂದುತ್ತದಾ ಎಂದು ನೋಡುತ್ತಾರೆ. ಜೀವಂತ ರೋಗಿಯಲ್ಲಿ ಕಷ್ಟ ಬೇರೆಯೇ. ಉಸಿರಿಗೆ ಲಿವರ್ ಜರುಗುತ್ತದೆ. ದೊಡ್ಡ ರಕ್ತನಾಳದ ಪಕ್ಕ ಹರಿಯುವ ರಕ್ತ ಬಿಸಿಯನ್ನು ಹೊತ್ತೊಯ್ಯುತ್ತದೆ, ಅಲ್ಲಿ ಸರಿಯಾಗಿ ಬೇಯುವುದೇ ಇಲ್ಲ. ಫ್ಯಾಟಿ ಲಿವರ್ ಇದ್ದವರಲ್ಲಂತೂ ಕಾಯಿಸುವ ಮೊದಲೇ ಶಬ್ದ ಜಾಸ್ತಿ ಸೊರಗುತ್ತದೆ. ಹಾಗಾಗಿ ಎಲ್ಲರಿಗೂ ಒಂದೇ ಅಳತೆಗೋಲು ಹಿಡಿದರೆ ಮೋಸ ಹೋಗುತ್ತೇವೆ. ಸೂಜಿ ಬಿಸಿಯಾಗುವ ಮುಂಚೆ ಅದೇ ರೋಗಿಯ ಪ್ರತಿಧ್ವನಿಯನ್ನು ರೆಕಾರ್ಡ್ ಮಾಡಿಟ್ಟುಕೊಂಡು, ಆಮೇಲಿನದ್ದನ್ನು ಅದರ ಪಕ್ಕದಲ್ಲೇ ಇಟ್ಟು ನೋಡಬೇಕು.